ಹಾಲಿನ ಗಾಡಿಗೆ ಡಬ್ ಡಬ್ ಸೈಲೆನ್ಸರ್ ಯಾಕ್ರಪ್ಪಾ?

ಇವತ್ತು ಕಬ್ಬು, ಭತ್ತದ ವಿಚಾರ ಅಲ್ಲ, ಬೈಕಿನ ಸೈಲೆನ್ಸರ್ ವಿಚಾರ. ಓದಿ ಕೆಲವು ಹುಡುಗರಿಗೆ ಕೋಪ ಬರುತ್ತೆ, ಬರಲಿ. ನಾನೂ ಈ ತಪ್ಪು ಮಾಡಿದವನೇ.

ನಂದು ಹಳೇ ಕಾರ್ಬೊರೇಟರ್ ಸ್ಪ್ಲೆಂಡರ್. ಬೆಳಿಗ್ಗೆ ಸಂಜೆ ಡೈರಿಗೆ ಹಾಲು, ಮಧ್ಯೆ ಹುಲ್ಲಿನ ಹೊರೆ, ಒಂದೊಂದ್ಸಲ ಬೂಸಾ ಮೂಟೆ. ಹೋದ ವರ್ಷ ಸೈಲೆನ್ಸರ್ ತಳ ತುಕ್ಕು ಹಿಡಿದು ತೂತಾಯ್ತು. ಅಂಗಡಿಯವನು "ಕಂಪನಿದು ಯಾಕಣ್ಣ, ಅರ್ಧ ದುಡ್ಡಿಗೆ ಫ್ರೀ ಫ್ಲೋ ಐತೆ, ಪಿಕಪ್ಪೂ ಜಾಸ್ತಿ, ಮೈಲೇಜೂ ಜಾಸ್ತಿ" ಅಂದ. ಪಕ್ಕದಲ್ಲಿ ನಿಂತಿದ್ದ ಮಗನೂ "ಹಾಕ್ಸಪ್ಪ" ಅಂದ. ಹಾಕಿಸಿದೆ.

ಪಿಕಪ್ ಜಾಸ್ತಿ ಅನ್ನೋದು ಶುದ್ಧ ಸುಳ್ಳು. ಸದ್ದು ಜಾಸ್ತಿ ಆದಾಗ ಕಿವಿಗೆ ಹಂಗನ್ಸುತ್ತೆ ಅಷ್ಟೆ. ಎರಡು ಕ್ಯಾನ್ ಕಟ್ಟಿಕೊಂಡು ನಾಲೆ ಏರಿ ಹತ್ತುವಾಗ ಗೊತ್ತಾಯ್ತು. ಮೂರನೇ ಗೇರಲ್ಲಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಇಳೀತು. ಲೀಟರಿಗೆ 60ರ ಹತ್ತಿರ ಕೊಡ್ತಿದ್ದದ್ದು 50ಕ್ಕೆ ಬಂತು. ರೇಸ್ ಓಡಿಸೋನಿಗೆ ಮೇಲಿನ ಸ್ಪೀಡ್ ಬೇಕು, ನಮಗೆ ಬೇಕಾದ್ದು ನಿಧಾನಕ್ಕೆ ಹೋಗುವಾಗ ಎಳೆತ.

ಸೈಲೆನ್ಸರ್ ಅಂದ್ರೆ ಬರೀ ಸದ್ದು ಅಡಗಿಸೋ ಡಬ್ಬ ಅಲ್ಲ. ಒಳಗೆ ಕೋಣೆ, ತೂತಿನ ಪೈಪು ಇರ್ತವೆ. ಇಂಜಿನ್, ಕಾರ್ಬೊರೇಟರ್, ಸೈಲೆನ್ಸರ್ ಮೂರನ್ನೂ ಒಂದಕ್ಕೊಂದು ಹೊಂದಿಸಿ ಮಾಡಿರ್ತಾರೆ. ಹೊಗೆ ಸಲೀಸಾಗಿ ಹೊರಗೆ ಹೋಗಂಗೆ ಮಾಡಿದ್ರೆ ಇಂಜಿನ್ನಿಗೆ ಗಾಳಿ ಜಾಸ್ತಿಯಾಗಿ, ಅದಕ್ಕೆ ತಕ್ಕ ಪೆಟ್ರೋಲ್ ಬರಲ್ಲ. ಆಗ ಕಾರ್ಬೊರೇಟರ್ ಒಳಗಿನ ಮೇನ್ ಜೆಟ್ ದೊಡ್ಡದು ಹಾಕಬೇಕು. ನಮ್ಮ ಕಡೆ ಯಾರು ಹಾಕ್ತಾರೆ ಹೇಳಿ? ಹೊರಗಿನ ಸಣ್ಣ ಸ್ಕ್ರೂ ಅರ್ಧ ಸುತ್ತು ತಿರುಗಿಸಿ "ಟ್ಯೂನಿಂಗ್ ಆಯ್ತು, ತಗೊಂಡೋಗಣ್ಣ" ಅಂತಾರೆ. ಆ ಸ್ಕ್ರೂ ನಿಂತ ಗಾಡಿಯ ಉಸಿರು ಸರಿ ಮಾಡುತ್ತೆ, ಲೋಡ್ ಎಳೆಯೋ ಗಾಡಿಗೆ ಪೆಟ್ರೋಲ್ ಕೊಡೋದು ಜೆಟ್ಟು. ಒಂದು ವಾರ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ತುದಿ ಕಾಫಿಪುಡಿ ಬಣ್ಣ ಇದ್ರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ರೆ ಪೆಟ್ರೋಲ್ ಸಾಲದೆ ಇಂಜಿನ್ ಕಾಯ್ತಾ ಇದೆ, ಹಂಗೇ ಬಿಟ್ರೆ ವಾಲ್ವ್ ಸುಡುತ್ತೆ. ನಂದು ಸುಣ್ಣವೇ ಆಗಿತ್ತು. ಪೈಪಿನಲ್ಲಿ ಉಳಿಸಿದ ದುಡ್ಡು ಹೆಡ್ ಕೆಲಸಕ್ಕೆ ಹೋಗೋದ್ರಲ್ಲಿತ್ತು.

ಆಮೇಲೆ ಹಸು. ಬೆಳಿಗ್ಗೆ ಐದೂವರೆಗೆ ಮನೆಯವಳು ಹಾಲು ಕರೀತಿದ್ಲು. ಮಗ ಕೊಟ್ಟಿಗೆ ಮುಂದೆ ಗಾಡಿ ಸ್ಟಾರ್ಟ್ ಮಾಡಿ ಎರಡು ಸಲ ರೈಸ್ ಮಾಡಿದ. ಕರು ಹಾಕಿ ತಿಂಗಳೂ ಆಗದ ಹಸು ಒದ್ದು ಬಕೆಟ್ ಉರುಳಿಸಿತು, ಇವಳ ಮೊಣಕೈ ಗೋಡೆಗೆ ಬಡೀತು. ಬೆದರಿದ ಹಸು ಹಾಲು ಇಳಿಸಲ್ಲ, ಮೇಲಕ್ಕೆ ಎಳಕೊಂಡುಬಿಡುತ್ತೆ, ಕರೆಯೋರಿಗೆಲ್ಲ ಗೊತ್ತಿರೋದೇ. ಮೂರು ದಿನ ಅರ್ಧ ಹಾಲು. "ಗಾಡಿ ಸರಿ ಮಾಡ್ಸಿ, ಇಲ್ಲ ಹಸ ಮಾರ್ಬುಡಿ" ಅಂದ್ಲು ಇವಳು. ಅವಳು ಹೇಳಿದ್ರಲ್ಲಿ ತಪ್ಪೇನಿದೆ?

ಸದ್ದು ಇದ್ರೆ ಎದುರಿಗೆ ಬರೋರಿಗೆ ಗೊತ್ತಾಗುತ್ತೆ, ಅಪಘಾತ ಆಗಲ್ಲ ಅಂತ ಒಂದು ವಾದ ಮಾಡ್ತಾರೆ. ಪೈಪಿನ ಬಾಯಿ ಹಿಂದಕ್ಕಿದೆ ಸ್ವಾಮಿ. ಹಾರನ್ ಯಾಕೆ ಕೊಟ್ಟಿದ್ದಾರೆ?

ಕಾನೂನೂ ಇದೆ. 2019ರ ತಿದ್ದುಪಡಿ ಆದ ಮೇಲೆ ಸದ್ದಿನ ನಿಯಮ ಮುರಿದ್ರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಬರೆದಿದೆ. ಓಡಿಸೋನು ಮಗ, ಆರ್‌ಸಿ ಅಪ್ಪನ ಹೆಸರಲ್ಲಿ. 2020ರಿಂದ ಬಂದ ಬಿಎಸ್6 ಗಾಡಿ ಇರೋರಂತೂ ಮುಟ್ಟಲೇಬೇಡಿ. ಹೊಗೆ ಶುದ್ಧ ಮಾಡೋ ಭಾಗ, ಸೆನ್ಸರ್ ಎಲ್ಲಾ ಅದೇ ಪೈಪಿನ ದಾರಿಯಲ್ಲಿವೆ.

ಸೈಲೆನ್ಸರ್ ತೂತಾದ್ರೆ ಮತ್ತೇನು ಮಾಡೋದು ಅಂತೀರಿ. ಕಂಪನಿದೇ ತಗೊಳ್ಳಿ, ಇಲ್ಲಾಂದ್ರೆ ಅದೇ ಮಾಡೆಲ್‌ಗೆ ಅಂತ ಮಾಡಿದ, ಒಳಗೆ ಪೂರ್ತಿ ಕೋಣೆ ಇರೋದನ್ನ. ಕೈಯಲ್ಲಿ ಎತ್ತಿ ನೋಡಿ. ಹಗುರ ಇದ್ದು, ಹಿಂದಿನಿಂದ ನೋಡಿದ್ರೆ ಮುಂದಿನ ಬೆಳಕು ಕಂಡ್ರೆ ಅದು ಖಾಲಿ ಕೊಳವೆ. ಹಾಕಿಸುವಾಗ ಹೆಡ್ ಹತ್ತಿರದ ಗ್ಯಾಸ್ಕೆಟ್ ಹೊಸದೇ ಹಾಕಿಸಿ, ಹಳೇದನ್ನ ತಟ್ಟಿ ಕೂರಿಸೋಕೆ ಬಿಡಬೇಡಿ. ಎರಡು ನಟ್ಟನ್ನೂ ಇಂಜಿನ್ ತಣ್ಣಗಿರುವಾಗ ಇದಷ್ಟು ಅದಷ್ಟು ಅಂತ ಸಮವಾಗಿ ಬಿಗೀಬೇಕು, ನಾಲ್ಕು ದಿನ ಬಿಟ್ಟು ಇನ್ನೊಂದ್ಸಲ. ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಅಂದ್ರೆ ಮೊದಲು ಅಲ್ಲಿ ಗಾಳಿ ಎಳೀತಿದೆಯಾ ನೋಡಿ.

ಇನ್ನು ತುಕ್ಕು. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹಬೆಯಾಗಿ ಬರುತ್ತೆ. ಮನೆಯಿಂದ ಡೈರಿಗೆ ಒಂದು ಕಿಲೋಮೀಟರ್ ಹೋಗಿ ಬಂದ್ರೆ ಸೈಲೆನ್ಸರ್ ಪೂರ್ತಿ ಕಾಯೋದೇ ಇಲ್ಲ, ನೀರು ಒಳಗೇ ನಿಲ್ಲುತ್ತೆ. ಎಷ್ಟೋ ಸೈಲೆನ್ಸರ್ ತಳದಲ್ಲಿ ಅದಕ್ಕೇ ಅಂತ ಸಣ್ಣ ತೂತು ಇರುತ್ತೆ. ನಂದರಲ್ಲಿ ಗದ್ದೆ ಕೆಸರು ಮೆತ್ತಿ ಮುಚ್ಚಿಹೋಗಿತ್ತು. ಈಗ ಹದಿನೈದು ದಿನಕ್ಕೊಂದ್ಸಲ ತಂತಿ ಹಾಕಿ ಬಿಡಿಸ್ತೀನಿ, ವಾರಕ್ಕೊಮ್ಮೆ ದೂರ ಓಡಿಸ್ತೀನಿ.

ಆ ಫ್ರೀ ಫ್ಲೋ ಪೈಪು ನಮ್ಮ ಅಟ್ಟದ ಮೇಲಿದೆ. ಮಗನ ಇಬ್ಬರು ಸ್ನೇಹಿತರು ಕೇಳ್ಕೊಂಡು ಬಂದಿದ್ರು, ಕೊಡಲಿಲ್ಲ. ಗುಜರಿಯವನು ಬಂದಾಗ ತೂಕಕ್ಕೆ ಹಾಕ್ತೀನಿ.