ಕಂಪ್ಯೂಟರ್ ದಾಖಲೆಯಲ್ಲಿ ಇದ್ದದ್ದೆಲ್ಲ ಯಾರೋ ಹೇಳಿದ್ದೇ?

ಹಲವರ ಆಧಾರ್ ಕಾರ್ಡಿನಲ್ಲಿ ಜನ್ಮದಿನ ಜನವರಿ 1 ಎಂದಿರುವುದನ್ನು ನಾವು ನೋಡಿರುತ್ತೇವೆ. ಇವರೆಲ್ಲ ಹೊಸ ವರ್ಷದ ದಿನವೇ ಹುಟ್ಟಿದವರಲ್ಲ. ಹುಟ್ಟಿದ ದಿನಾಂಕದ ದಾಖಲೆ ಇಲ್ಲದೆ ವಯಸ್ಸನ್ನಷ್ಟೇ ಹೇಳಿದವರಿಗೆ, ತಂತ್ರಾಂಶವು ವರ್ಷವನ್ನು ಲೆಕ್ಕಹಾಕಿ ಉಳಿದ ಜಾಗದಲ್ಲಿ ಜನವರಿ 1 ಎಂದು ತುಂಬಿತು. ಇದೇನೂ ಹೊಸ ರೂಢಿಯಲ್ಲ. ಹಿಂದೆ ನಮ್ಮ ಶಾಲೆಗಳಲ್ಲಿ ಮಗುವಿನ ಜನ್ಮದಿನ ಗೊತ್ತಿಲ್ಲದಿದ್ದರೆ ಮೇಷ್ಟ್ರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದುದುಂಟು.

ಹೀಗೆ ಯಾರೂ ಏನೂ ಹೇಳದಿದ್ದಾಗ ತಾನಾಗಿ ಕೂರುವ ಬೆಲೆಯನ್ನು 'ಡೀಫಾಲ್ಟ್' ಎನ್ನುತ್ತಾರೆ. ಡೀಫಾಲ್ಟ್ ಇಲ್ಲದೆ ಜಾಲತಾಣಗಳನ್ನು ಕಟ್ಟುವುದು ಕಷ್ಟ. ತೊಂದರೆ ಇರುವುದು, ಅದು ನಿಜವಾದ ಉತ್ತರದಂತೆಯೇ ಕಾಣುವುದರಲ್ಲಿ.

ಬಳುವಳಿಯಾಗಿ ಬರುವ ಡೀಫಾಲ್ಟ್

ಆಸ್ಪತ್ರೆಯೊಂದರ ತಂತ್ರಾಂಶವನ್ನು ಊಹಿಸಿಕೊಳ್ಳೋಣ. ಅದರಲ್ಲಿ 'ವ್ಯಕ್ತಿ' ಎಂಬ ಮೂಲ ಮಾದರಿ ಇದೆ. ಹೆಸರು, ವಿಳಾಸ, ಫೋನ್ ಎಲ್ಲ ಅಲ್ಲಿವೆ. 'ಸಿಬ್ಬಂದಿ' ಮತ್ತು 'ರೋಗಿ' ಮಾದರಿಗಳು ಅದರಿಂದ ಹುಟ್ಟುತ್ತವೆ. ಹೀಗಾಗಿ ಒಂದೇ ವಿಷಯವನ್ನು ಎರಡು ಸಲ ಬರೆಯಬೇಕಿಲ್ಲ. ಆದರೆ ತಾಯಿ ಮಾದರಿಯ ಡೀಫಾಲ್ಟ್‌ಗಳೂ ಮಕ್ಕಳಿಗೆ ಬಳುವಳಿಯಾಗಿ ಬರುತ್ತವೆ. 'ಔಷಧದ ಅಲರ್ಜಿ' ಎಂಬ ಅಂಕಣವನ್ನು ಯಾರೋ ಮೂಲ ಮಾದರಿಯಲ್ಲೇ ಇಟ್ಟು, ಡೀಫಾಲ್ಟ್ 'ಇಲ್ಲ' ಎಂದು ಬರೆದರೆ, ಪ್ರಶ್ನೆಯನ್ನೇ ಕೇಳದ ರೋಗಿಯ ದಾಖಲೆಯಲ್ಲೂ 'ಅಲರ್ಜಿ ಇಲ್ಲ' ಎಂದೇ ಕಾಣುತ್ತದೆ. ಪೆನಿಸಿಲಿನ್ ಒಗ್ಗದವರಿಗೆ ಇದು ಜೀವಕ್ಕೇ ಕುತ್ತು ತರಬಹುದು.

ಮಗು ಮಾದರಿಯಲ್ಲಿ ಇದನ್ನು ಬದಲಿಸಬಹುದೇ? ಜಾಲತಾಣ ಕಟ್ಟಲು ಬಹಳವಾಗಿ ಬಳಸುವ 'ಜಾಂಗೊ' ಚೌಕಟ್ಟಿನಲ್ಲಿ ಉತ್ತರ ಎರಡು ಬಗೆ. ಮೂಲ ಮಾದರಿ ಬರೀ ಅಚ್ಚಿನಂತಿದ್ದು ಅದಕ್ಕೆ ಸ್ವಂತ ಕೋಷ್ಟಕ ಇಲ್ಲದಿದ್ದರೆ, ಮಗು ಮಾದರಿ ಅದೇ ಅಂಕಣವನ್ನು ಬೇರೆ ಡೀಫಾಲ್ಟ್‌ನೊಂದಿಗೆ ಮತ್ತೆ ಬರೆದುಕೊಳ್ಳಬಹುದು. ಮೂಲ ಮಾದರಿಗೇ ಕೋಷ್ಟಕ ಇದ್ದರೆ ಹಾಗೆ ಮಾಡಲಾಗದು, ಜಾಂಗೊ ದೋಷ ತೋರಿಸುತ್ತದೆ. ಏಕೆಂದರೆ ಆ ಅಂಕಣ ಇರುವುದು ತಾಯಿಯ ಕೋಷ್ಟಕದಲ್ಲಿ, ಅದೂ ಒಂದೇ ಒಂದು.

ಹಳೆಯ ದಾಖಲೆಗಳ ಗತಿ

ತುಂಬಿದ ಕೋಷ್ಟಕಕ್ಕೆ ಖಾಲಿ ಬಿಡಲಾಗದ ಹೊಸ ಅಂಕಣ ಸೇರಿಸುವಾಗ, ಹಳೆಯ ಸಾಲುಗಳಿಗೆ ಏನು ತುಂಬಬೇಕೆಂದು ಜಾಂಗೊ ಕೇಳುತ್ತದೆ. ಅವಸರದಲ್ಲಿ ಕೊಟ್ಟ ಒಂದು ಉತ್ತರ ಎಲ್ಲ ಹಳೆಯ ಸಾಲುಗಳಲ್ಲೂ ಕೂರುತ್ತದೆ. ಆಮೇಲೆ ಡೀಫಾಲ್ಟ್ ಬದಲಿಸಿದರೂ ಆ ಸಾಲುಗಳು ತಾವಾಗಿ ಸರಿಹೋಗುವುದಿಲ್ಲ. ಯಾವುದು ಜನ ಹೇಳಿದ್ದು, ಯಾವುದು ಯಂತ್ರ ತುಂಬಿದ್ದು ಎಂದು ಬೇರ್ಪಡಿಸುವ ದಾರಿಯೂ ಉಳಿದಿರುವುದಿಲ್ಲ.

ಇದರ ಬಿಸಿ ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ತೋಟದ ಮನೆಗೆ ವರ್ಷಗಟ್ಟಲೆ ತಟ್ಟಿತು. ಅಂತರ್ಜಾಲ ವಿಳಾಸಗಳ ಸ್ಥಳ ಹೇಳುವ ಮ್ಯಾಕ್ಸ್‌ಮೈಂಡ್ ಕಂಪನಿ, 'ಅಮೆರಿಕದಲ್ಲಿ ಎಲ್ಲೋ ಇದೆ' ಎಂದಷ್ಟೇ ಗೊತ್ತಿದ್ದ ವಿಳಾಸಗಳಿಗೆ ದೇಶದ ನಡುವಿನ ಒಂದು ಬಿಂದುವನ್ನು ಡೀಫಾಲ್ಟ್ ಆಗಿ ಕೊಟ್ಟಿತ್ತು: 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ. ಆ ಬಿಂದು ಬಿದ್ದದ್ದು ಈ ಮನೆಯ ಬಳಿ. 60 ಕೋಟಿಗೂ ಹೆಚ್ಚು ವಿಳಾಸಗಳು ಅಲ್ಲಿಗೇ ಬೆರಳು ತೋರಿದವು. ಕಳ್ಳತನ, ವಂಚನೆಯ ಜಾಡು ಹಿಡಿದು ಪೊಲೀಸರೂ ಮೋಸಹೋದವರೂ ಆ ಮನೆಯ ಬಾಗಿಲಿಗೆ ಬಂದರು. 2016ರಲ್ಲಿ ವಿಷಯ ಬಯಲಾದ ಮೇಲೆ ಕಂಪನಿ ಆ ಬಿಂದುವನ್ನು ಒಂದು ಕೆರೆಯ ನಡುವೆ ಇಟ್ಟಿತು.

ಹಾಗಾದರೆ ಏನು ಮಾಡಬೇಕು?

'ಗೊತ್ತಿಲ್ಲ' ಎಂಬುದಕ್ಕೂ ಡೇಟಾಬೇಸಿನಲ್ಲಿ ಜಾಗವಿದೆ. ಅದನ್ನು 'ನಲ್' ಎನ್ನುತ್ತಾರೆ. ಅದು ಸೊನ್ನೆಯೂ ಅಲ್ಲ, 'ಇಲ್ಲ'ವೂ ಅಲ್ಲ. ಖಾತೆ ತೆರೆದ ಸಮಯ, ಪರದೆಯ ಭಾಷೆ ಇಂಥವಕ್ಕೆ ಡೀಫಾಲ್ಟ್ ಇರಲಿ. ಜನ್ಮದಿನ, ಅಲರ್ಜಿ, ಒಪ್ಪಿಗೆ ಇಂಥವನ್ನು ಕೇಳಿಯೇ ತುಂಬಬೇಕು, ಕೇಳದಿದ್ದರೆ ಖಾಲಿ ಬಿಡಬೇಕು. ನಾವು ಬಳಕೆದಾರರೂ ಅರ್ಜಿಯಲ್ಲಿ ಮೊದಲೇ ಗುರುತು ಹಾಕಿರುವ ಚೌಕಗಳನ್ನು ಓದದೆ ಮುಂದೆ ಹೋಗಬಾರದು. ಅಲ್ಲಿರುವ ಉತ್ತರ ನಮ್ಮದಲ್ಲದಿದ್ದರೂ ದಾಖಲೆಯಲ್ಲಿ ಅದು ನಮ್ಮ ಮಾತಾಗಿಯೇ ಉಳಿಯುತ್ತದೆ.