ಹೆಸರು ಹಳೆಯದು, ಮಾಲು ಹೊಸದು



ಖಾನಾಪುರದ ಒಂಟಿ ತೋಟದ ಮನೆಗಳಲ್ಲಿರುವ ನಿಮ್ಮಲ್ಲಿ ಕೆಲವರು ಆತ್ಮರಕ್ಷಣೆಯ ಪರವಾನಿಗೆ ಪಡೆದು ಬೆಳಗಾವಿ ಪೇಟೆಗೆ ಹೋಗಿ ‘ವೆಬ್ಲಿ’ ರಿವಾಲ್ವರ್ ಕೇಳುವುದುಂಟು. ಬರ್ಮಿಂಗ್‌ಹ್ಯಾಮಿನ ಆ ಕಂಪನಿ 1979ರಲ್ಲೇ ಬಂದೂಕು ತಯಾರಿಕೆ ನಿಲ್ಲಿಸಿತ್ತು. 2020ರಲ್ಲಿ ಅದೇ ಹೆಸರಿನ ರಿವಾಲ್ವರ್ ತಯಾರಿಕೆ ಉತ್ತರ ಪ್ರದೇಶದ ಹರದೋಯಿಯಲ್ಲಿ ಆರಂಭವಾಯಿತು. ಅಜ್ಜನ ಕೀರ್ತಿ ಮೊಮ್ಮಗನಿಗೆ ತಾನಾಗಿ ಬಾರದು.

ಚೀಲದ ಹೆಸರು ನಂಬಿ ಬಿತ್ತದೆ ಮೊಳಕೆ ಪರೀಕ್ಷಿಸುವಿರಲ್ಲವೇ? ಹಾಗೆಯೇ ಇಲ್ಲಿಯೂ ಗುಂಡಿಲ್ಲದ್ದನ್ನು ಖಾತ್ರಿ ಮಾಡಿಕೊಂಡು ನೋಡಿರಿ: ಸಿಲಿಂಡರ್ ಅಲುಗಾಡುವುದೇ? ಪ್ರತಿ ಮನೆಯೂ ನಳಿಗೆಗೆ ನೇರ ನಿಲ್ಲುವುದೇ? ಪ್ರೂಫ್ ಮುದ್ರೆ ಇದೆಯೇ? ಲಕ್ಷಕ್ಕೂ ಮೀರಿದ ಬೆಲೆ ಕೇಳುವವರು ಹಳೆಯ ಹೆಸರಿನಲ್ಲಲ್ಲ, ಮಾಲಿನಲ್ಲಿ ಗುಣ ತೋರಿಸಲಿ.

ಇನ್ನೊಂದು ಮಾತು: ರಿವಾಲ್ವರ್ ಬೆಳೆ ಕಾಯುವ ಆಯುಧವಲ್ಲ; ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡುಹಂದಿ ಕೊಲ್ಲುವುದು ಅಪರಾಧ.