ಮೀನು ಬಿಟ್ಟರಷ್ಟೇ ಸಾಲದು

ಗೌಟ್ ಇದೆಯೆಂದು ತಿಳಿದುಬಂದ ಕರಾವಳಿ ಕನ್ನಡಿಗನಿಗೆ ಮುಂಬಯಿಯಲ್ಲಿ ದೊರೆಯುವ ಮೊದಲ ಉಪದೇಶ ಎರಡೇ ಪದಗಳದ್ದು: ‘ಮೀನು ಬಿಡಿ.’ ವೈದ್ಯರು ಹೇಳದಿದ್ದರೆ ನೆರೆಮನೆಯವರು ಹೇಳುತ್ತಾರೆ; ಅವರೂ ಮರೆತರೆ ಊರಿನಿಂದ ಫೋನ್ ಬರುತ್ತದೆ. ಈ ಉಪದೇಶ ಸುಳ್ಳಲ್ಲ, ಅರ್ಧಸತ್ಯ. ಉಳಿದರ್ಧವನ್ನು ಯಾರೂ ಬಿಡಿಸಿ ಹೇಳದಿರುವುದರಿಂದಲೇ ನಮ್ಮವರು ಅನಗತ್ಯವಾಗಿ ನರಳುತ್ತಿದ್ದಾರೆಂದು ನನ್ನ ಭಾವನೆ.

ಈ ವ್ಯಾಧಿ ಹೊಸದಲ್ಲ. ಆಯುರ್ವೇದದ ‘ವಾತರಕ್ತ’ದ ವಿವರಣೆ ಇದಕ್ಕೆ ಬಹಳ ಹತ್ತಿರವಾಗಿದೆ. ಚರಕಸಂಹಿತೆ ಅದಕ್ಕೆ ‘ಆಢ್ಯವಾತ’ವೆಂಬ ಹೆಸರನ್ನೂ ಕೊಡುತ್ತದೆ; ಎಂದರೆ ಉಳ್ಳವರ ರೋಗ. ಯುರೋಪಿನಲ್ಲಿಯೂ ಇದು ರಾಜರ ಕಾಯಿಲೆಯೆನಿಸಿತ್ತು. ಇಂದು ಅದಕ್ಕೆ ಅರಮನೆಯೇ ಬೇಕೆಂದಿಲ್ಲ. ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗೂ ಲೋಕಲ್ ರೈಲಿನಲ್ಲಿ ನಿಂತು ಬರುವವರಿಗೂ ಅದು ಬರುತ್ತದೆ. ಆಹಾರದಲ್ಲಿಯೂ ನಮ್ಮ ಜೀವಕೋಶಗಳಲ್ಲಿಯೂ ಇರುವ ಪ್ಯೂರಿನ್ ಒಡೆದು ಯೂರಿಕ್ ಆಮ್ಲವಾಗುತ್ತದೆ. ಮೂತ್ರಪಿಂಡ ಅದನ್ನು ಸಾಕಷ್ಟು ಹೊರಹಾಕದಿದ್ದಾಗ ಅದು ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ, ವಿಶೇಷವಾಗಿ ಕಾಲಿನ ಹೆಬ್ಬೆರಳ ಬುಡದಲ್ಲಿ, ನೆಲೆಸುತ್ತದೆ.

ಮೀನಿನ ಪಾತ್ರವೆಷ್ಟು? 2004ರಲ್ಲಿ ಅಮೆರಿಕದ ಸಂಶೋಧಕರು 47,150 ಪುರುಷರನ್ನು 12 ವರ್ಷ ಗಮನಿಸಿದ ಅಧ್ಯಯನವನ್ನು ಪ್ರಕಟಿಸಿದರು. ಸಮುದ್ರಾಹಾರವನ್ನು ಅತಿ ಹೆಚ್ಚು ತಿನ್ನುವ ಗುಂಪಿಗೆ, ಅತಿ ಕಡಿಮೆ ತಿನ್ನುವವರಿಗಿಂತ ಗೌಟ್ ಬರುವ ಸಂಭವ ಸುಮಾರು ಒಂದೂವರೆ ಪಟ್ಟು ಇತ್ತು. ಅದೇ ಅಧ್ಯಯನದಲ್ಲಿ ಪ್ಯೂರಿನ್ ಹೆಚ್ಚಿರುವ ತರಕಾರಿಗಳಿಂದ ಅಪಾಯ ಕಂಡುಬರಲಿಲ್ಲ. ಕೊಬ್ಬು ಕಡಿಮೆಯಿರುವ ಹಾಲು, ಮೊಸರು ಬಳಸುವವರಲ್ಲಿ ರೋಗ ಕಡಿಮೆಯಿತ್ತು. ಹೀಗಿದ್ದೂ ನಮ್ಮ ಮನೆಗಳಲ್ಲಿ ಪಾಲಕ್, ಬೇಳೆಗಳನ್ನು ದೂರವಿಟ್ಟು, ಸಂಜೆಯ ಬಿಯರನ್ನೂ ಸಕ್ಕರೆ ತುಂಬಿದ ತಂಪುಪಾನೀಯವನ್ನೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇವೆರಡೂ ಯೂರಿಕ್ ಆಮ್ಲವನ್ನು ಏರಿಸುವಂಥವು.

ನಮ್ಮ ಅಕ್ಕರೆಯ ಬೂತಾಯಿ, ಬಂಗುಡೆ, ಕೊಲ್ಲತರುಗಳೇ ಪ್ಯೂರಿನ್ ಹೆಚ್ಚಿರುವ ಮೀನುಗಳು. ಸಿಗಡಿ, ಪಚ್ಚಿಲೆಗಳಲ್ಲಿಯೂ ಮಿತ ಬೇಕು. ಮೀನನ್ನು ಕುದಿಸಿದಾಗ ಪ್ಯೂರಿನ್ನಿನ ಒಂದಂಶ ನೀರಿಗೆ ಇಳಿಯುತ್ತದೆ. ಹಾಗಾಗಿ ತುಂಡು ಬಿಟ್ಟು ಗಸಿಯನ್ನು ಮಾತ್ರ ಅನ್ನಕ್ಕೆ ಸುರಿದುಕೊಳ್ಳುವವರ ಸಮಾಧಾನ ಹುಸಿ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು, ಸಸೂನ್ ಡಾಕ್ ಮೌನವಾದಾಗ ಮನೆಗೆ ಬರುವ ಒಣಮೀನಿನಲ್ಲಿ ನೀರು ಆರಿರುವುದರಿಂದ ಅದೇ ತೂಕಕ್ಕೆ ಪ್ಯೂರಿನ್ ಇನ್ನೂ ಹೆಚ್ಚು.

ಇಷ್ಟಾದರೂ ಆಹಾರದ ಕಟ್ಟುನಿಟ್ಟಿನಿಂದ ಯೂರಿಕ್ ಆಮ್ಲ ಇಳಿಯುವುದು ಸಾಮಾನ್ಯವಾಗಿ ಡೆಸಿಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಮಾತ್ರ. ಚಿಕಿತ್ಸೆಯ ಗುರಿ ಆರಕ್ಕಿಂತ ಕಡಿಮೆ. ಒಂಬತ್ತೋ ಹತ್ತೋ ಇರುವವನು ಜೀವಮಾನವಿಡೀ ಮೀನು ಮುಟ್ಟದಿದ್ದರೂ ಆ ಗುರಿ ತಲುಪುವುದು ಕಷ್ಟ. ಏಕೆಂದರೆ ದೋಷ ಬಹುಪಾಲು ತಟ್ಟೆಯಲ್ಲಿಲ್ಲ, ವಂಶವಾಹಿಯಲ್ಲಿಯೂ ಮೂತ್ರಪಿಂಡದಲ್ಲಿಯೂ ಇದೆ. 1988ರಲ್ಲಿ ನೊಬೆಲ್ ಪಡೆದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಾಲಯ ನೀಡಿದ ಅಲೋಪ್ಯೂರಿನಾಲ್ ಇಂದಿಗೂ ಇದರ ಮುಖ್ಯ ಔಷಧ. ಅದನ್ನು ವೈದ್ಯರ ನಿಗಾದಲ್ಲಿ, ನೋವಿಲ್ಲದ ದಿನಗಳಲ್ಲಿಯೂ, ಬಹುಕಾಲ ತೆಗೆದುಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು: ನೋವು ಬಂದಾಗ ಔಷಧದಂಗಡಿಯ ನೋವಿನ ಮಾತ್ರೆ, ನೋವು ಹೋದಾಗ ‘ಮೀನು ಬಿಟ್ಟಿದ್ದೇನಲ್ಲ’ ಎಂಬ ನಿಶ್ಚಿಂತೆ. ಆ ಮಾತ್ರೆಗಳ ಅತಿಬಳಕೆ ಮೊದಲೇ ಸೋತ ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸಬಲ್ಲದು.

ಮೀನು ನಮಗೆ ಬರಿಯ ರುಚಿಯ ವಿಷಯವಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಅಷ್ಟು ಹಿಂದಿನಿಂದ ಇಲ್ಲಿ ಬಾಳಿದ ಸಮುದಾಯಗಳಿಗೆ ಬಂಗುಡೆ ಪುಳಿಮುಂಚಿಯೆಂದರೆ ಊರಿನೊಡನೆ ಉಳಿದ ನಂಟು. ಅದನ್ನು ಒಮ್ಮೆಲೇ ಕತ್ತರಿಸಿದರೆ ಕೆಲವರು ಕದ್ದು ತಿನ್ನುತ್ತಾರೆ, ಕೆಲವರು ಆ ತ್ಯಾಗವನ್ನೇ ಚಿಕಿತ್ಸೆಯೆಂದು ನಂಬುತ್ತಾರೆ. ಎರಡೂ ಅಪಾಯವೇ. ನೋವು ಕೆರಳಿದಾಗ ಮೀನನ್ನು ಪೂರ್ತಿ ದೂರವಿಡುವುದು ಸರಿ. ರಕ್ತದ ಪ್ರಮಾಣ ಹತೋಟಿಗೆ ಬಂದ ಮೇಲೆ, ವೈದ್ಯರೊಡನೆ ಮಾತಾಡಿ, ಆಗೊಮ್ಮೆ ಈಗೊಮ್ಮೆ ಒಂದು ತುಂಡು ತಿನ್ನುವುದು ಪಾಪವಲ್ಲ.

ನಮ್ಮ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡಗಳನ್ನು ನೋಡುತ್ತಾರೆ. ಕೀಲುನೋವಿರುವವರಿಗೆ ಯೂರಿಕ್ ಆಮ್ಲ, ಕ್ರಿಯಾಟಿನಿನ್ ಪರೀಕ್ಷೆಗಳನ್ನೂ ಸೇರಿಸಲಿ. ನೋವಿನ ದಿನಗಳಲ್ಲಿ ಯೂರಿಕ್ ಆಮ್ಲ ಸಹಜವಾಗಿ ತೋರಬಹುದಾದ್ದರಿಂದ ಎರಡು ವಾರ ಕಳೆದು ಮತ್ತೊಮ್ಮೆ ಪರೀಕ್ಷಿಸಬೇಕೆಂಬುದನ್ನು ಕನ್ನಡದಲ್ಲಿ, ತುಳುವಿನಲ್ಲಿ ತಿಳಿಸಲಿ. ‘ಮೀನು ಬಿಟ್ಟಿರಾ?’ ಎಂದು ಕೇಳುವ ನಾವೆಲ್ಲರೂ ‘ಕಳೆದ ಬಾರಿ ಎಷ್ಟಿತ್ತು, ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಾ?’ ಎಂದು ಕೇಳುವುದನ್ನೂ ರೂಢಿಸಿಕೊಳ್ಳಬೇಕು.